ಹಿಟ್ಟಿಗಿಂತ ಸಣ್ಣ ಬೂದಿ

ಹೋದ ವಾರ ನಮ್ಮ ಪ್ರಯೋಗಾಲಯಕ್ಕೆ ಮಾನ್ವಿಯಿಂದ ಒಂದು ಚೀಲ ಬೂದಿ ಬಂತು. ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಭತ್ತದ ಹೊಟ್ಟು ಉರಿದು ಉಳಿದ ಬೂದಿ. ತಂದ ಕೊರಿಯರಿನವನು ಚೀಲವನ್ನು ಮೇಜಿನ ಮೇಲಿಟ್ಟು, "ಮೇಡಂ, ಬೂದೀನೂ ಪಾರ್ಸಲ್ ಮಾಡಿ ತರಸ್ತೀರೇನ್ರಿ? ನಮ್ಮ ಮನಿ ಮಾಳಗಿ ಮ್ಯಾಲ ಪುಕ್ಕಟ ಬೀಳ್ತದ" ಎಂದು ನಕ್ಕು ಸಹಿ ಹಾಕಿಸಿಕೊಂಡು ಹೋದ. ಅವನ ಮಾತಿಗೆ ನಾನೂ ನಕ್ಕೆ. ಆಮೇಲೆ ಚೀಲದ ಬಾಯಿ ಬಿಚ್ಚಿ, ಒಂದು ಚಮಚ ಬೂದಿಯನ್ನು ಗಾಜಿನ ಪಾತ್ರೆಗೆ ಹಾಕಿ ಬಿಸಿನೀರು ಬಿಟ್ಟೆ.

ಬೂದಿಗೆ ವಾಸನೆ ಇಲ್ಲ ಅನ್ನುವವರು ಅದನ್ನು ಒದ್ದೆ ಮಾಡಿ ನೋಡಿಲ್ಲ. ಸ್ವಲ್ಪ ಸುಣ್ಣದ ಘಾಟು, ಸ್ವಲ್ಪ ಆರಿದ ಒಲೆಯ ಹೊಗೆ, ಅದರ ಹಿಂದೆ ಎಲ್ಲೋ ತಳ ಹತ್ತಿದ ಅನ್ನದ ವಾಸನೆ... ಮೂಗಿಗೆ ಬಡಿದ ಕೂಡಲೇ ನಾನು ರಾಯಚೂರಿನಲ್ಲಿ ಇರಲಿಲ್ಲ. ಮಾನ್ವಿಯ ನಮ್ಮ ಮನೆಯ ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಒಳಗೆ ಹಂಡೆಯ ನೀರು ಕುದಿಯುತ್ತಿತ್ತು. ಎರಿಯವ್ವ ಕೈಗೆ ಬೂದಿ ಹಚ್ಚಿ ತಿಕ್ಕಿಕೊಳ್ಳುತ್ತಿದ್ದಳು.

ಅವಳಿಗೆ ಹೆಸರು ಇರಲಿಲ್ಲ ಅಂತಲ್ಲ. ಓಣಿಯಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ, ಅಷ್ಟೇ. ಹಸುಗೂಸುಗಳಿಗೆ ನೀರು ಎರೆಯುವವಳು, ಆದ್ದರಿಂದ ಎರಿಯವ್ವ. ಬಾಗಲವಾಡದ ಕಡೆಯ ಕುರಿ ಕಾಯುವ ಮನೆತನದವಳು. ಗಂಡ ತೀರಿಕೊಂಡ ಮೇಲೆ ಕುರಿ ಮಾರಿ ಮಾನ್ವಿಗೆ ಬಂದು, ನಮ್ಮ ಓಣಿಯ ತುದಿಯ ಒಂದು ಕೋಣೆಯಲ್ಲಿ ಇದ್ದಳಂತೆ. ಆಗತಾನೇ ಹುಟ್ಟಿದ ಕುರಿಮರಿಯನ್ನು ಎತ್ತಿ ಒರೆಸಿ ರೂಢಿಯಾದ ಕೈಗೆ ಮನುಷ್ಯರ ಮರಿ ಹಿಡಿಯಲು ಹೊಸದಾಗಿ ಕಲಿಯುವುದೇನೂ ಇರಲಿಲ್ಲ ಎಂದು ಅವಳೇ ಹೇಳಿ ನಗುತ್ತಿದ್ದಳು. ನನಗೂ ನನ್ನ ಅಕ್ಕನಿಗೂ ತಮ್ಮನಿಗೂ ಎರೆದವಳು ಅವಳೇ. ನನ್ನ ವಯಸ್ಸಿನ, ನನಗಿಂತ ಸಣ್ಣ, ಆ ಓಣಿಯ ಹುಡುಗ ಹುಡುಗಿಯರೆಲ್ಲ ಅವಳ ಕಾಲ ಮೇಲೆ ಬೋರಲು ಮಲಗಿ ಅತ್ತವರೇ.

ನನಗೆ ಎರೆದದ್ದು ನನಗೆ ನೆನಪಿರಲು ಸಾಧ್ಯವಿಲ್ಲ. ತಮ್ಮನಿಗೆ ಎರೆದದ್ದು ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಬರುತ್ತಿದ್ದಳು. ಚಪ್ಪಲಿಯನ್ನು ಹೊರಗೇ ಬಿಟ್ಟು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಕೂಸಿನ ಕಡೆ ತಿರುಗಿಯೂ ನೋಡದೆ ನೇರ ಬಚ್ಚಲಿಗೆ ಹೋಗುವಳು. ಮೊದಲು ಕೈ. ಉಳಿದದ್ದೆಲ್ಲ ಆಮೇಲೆ. ತನ್ನ ಡಬ್ಬಿಯಿಂದ ಒಂದು ಹಿಡಿ ಬೂದಿ ತೆಗೆದು, ಅಂಗೈ, ಬೆರಳ ಸಂದು, ಉಗುರ ಬುಡ, ಮುಂಗೈ ಅಂತ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆಯುವಳು. ಅವ್ವ ಒಮ್ಮೆ, "ಸಾಬೂನ ಅದ ತಗೊ" ಎಂದದ್ದಕ್ಕೆ ಎರಿಯವ್ವ ಕತ್ತು ಆಡಿಸಿದಳು. "ಸಾಬೂನ ಜಾರಿ ಹೋಗ್ತದ ತಂಗಿ. ಬೂದಿ ಹಿಡಕೊಂಡು ತಿಕ್ತದ. ಕೂಸಂದ್ರ ಹಸೀ ಗ್ವಾಡಿ ಇದ್ದಂಗ, ಏನ್ ತಾಕಿದ್ರೂ ಅಂಟತದ." ಹಾಗೆ ತೊಳೆದ ಕೈಯನ್ನು ಯಾವ ಬಟ್ಟೆಗೂ ಒರೆಸದೆ ಗಾಳಿಯಲ್ಲಿ ಹಿಡಿದು ಒಣಗಿಸಿ ಆಮೇಲೆ, "ತಾ ಇಲ್ಲಿ ನಮ್ಮ ಸಾವ್ಕಾರನ್ನ" ಎಂದು ಕೂಸನ್ನು ಕೇಳುವಳು.

ನೀರಿನ ಕಾವನ್ನು ಅವಳು ಬೆರಳಲ್ಲಿ ನೋಡುತ್ತಿರಲಿಲ್ಲ. ಮಣಿಕಟ್ಟಿನ ಒಳಬದಿಯ ಮೇಲೆ ಎರಡು ಹನಿ ಬಿಟ್ಟುಕೊಂಡು ಕಣ್ಣು ಮುಚ್ಚುವಳು. ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡು, ಎಣ್ಣೆ, ಕಡಲೆಹಿಟ್ಟು, ನೀರು, ಮೂಗಿಗೆ ಊದುವುದು, ತಲೆ ನೀವುವುದು... ಅಳುವ ತಮ್ಮ ಅರ್ಧಕ್ಕೇ ಅಳು ಮರೆತು ಅವಳ ಮುಖ ನೋಡುತ್ತಿದ್ದ. ಒರೆಸಿ, ಲೋಬಾನದ ಹೊಗೆ ಹಿಡಿದು, ಕೊನೆಗೆ ಅದೇ ಡಬ್ಬಿಯ ಬೂದಿಯನ್ನು ಚಿಟಿಕೆ ಚಿಟಿಕೆಯಾಗಿ ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದಿಗೆ ಸವರುವಳು. ಮಡಿಕೆಯಲ್ಲಿ ಬೆವರು ನಿಲ್ಲದಿರಲಿ, ಕೆಂಪಾಗದಿರಲಿ ಎಂದು. ಆಮೇಲೆ ಕುಂಚಿಗೆ ಕಟ್ಟಿ ಅವ್ವನ ಮಗ್ಗುಲಿಗೆ ಮಲಗಿಸಿದರೆ ಕೂಸು ಮಧ್ಯಾಹ್ನದವರೆಗೆ ಕಣ್ಣು ತೆರೆಯುತ್ತಿರಲಿಲ್ಲ. ಓಣಿಯ ಹೆಂಗಸರು, "ಏನ್ ಕೈಗುಣರೀ ಆಕೀದು" ಅನ್ನುತ್ತಿದ್ದರು. ಅವಳಿಗೆ ಕೊಡುತ್ತಿದ್ದ ಜೋಳ, ಕುಬಸದ ಬಟ್ಟೆಗಿಂತ ಆ ಮಾತು ಅವಳಿಗೆ ದೊಡ್ಡದಾಗಿತ್ತು. ಅದನ್ನು ಕೇಳಿಸಿಕೊಂಡ ದಿನ ಸ್ವಲ್ಪ ಎದೆಯೆತ್ತಿ ನಡೆಯುವಳು.

ಆ ಬೂದಿಯನ್ನು ಆಗೆಲ್ಲ ಅವಳೇ ಮಾಡಿಕೊಳ್ಳುತ್ತಿದ್ದಳು. ಒಲೆಯಲ್ಲಿ ಭತ್ತದ ಹೊಟ್ಟು ತುಂಬಿ, ಮೇಲೆ ಒಂದು ಕೆಂಡ ಇಟ್ಟರೆ ಅದು ಉರಿಯದೆ ನಿಧಾನ ಕನಲಿ ಬೂದಿಯಾಗುತ್ತಿತ್ತು. ಬಣ್ಣ ಕರಿಬೂದು. ಅದನ್ನು ಹಳೆಯ ಧೋತರದ ಬಟ್ಟೆ ಮಡಿಸಿ ಗಾಳಿಸುವಳು. ಬಟ್ಟೆ ಎಷ್ಟು ಮಡಿಕೆಯಾದರೆ ಬೂದಿ ಅಷ್ಟು ಸಣ್ಣ, ಎಷ್ಟು ಸಣ್ಣದೋ ಅಷ್ಟು ಶುದ್ಧ. ಇದು ಅವಳೊಬ್ಬಳ ಲೆಕ್ಕವಲ್ಲ. ನಮ್ಮ ಕಡೆ ಅರಿಶಿನ, ಸೀಗೆಕಾಯಿ, ಔಷಧದ ಬೇರು, ಕಡೆಗೆ ವಿಭೂತಿ, ಎಲ್ಲವನ್ನೂ ಹೀಗೇ ಬಟ್ಟೆಯಲ್ಲಿ ಗಾಳಿಸಿ ಸಣ್ಣಗೆ ಮಾಡಿದರೇನೇ ಮೈಗೆ ಒಳ್ಳೆಯದು ಎಂದು ನಂಬಿದವರು ನಾವು. ಒರಟು ಅಂದರೆ ಕಸ, ನುಣುಪು ಅಂದರೆ ಗುಣ. ನಮ್ಮಜ್ಜಿ ಬದುಕಿ ಸತ್ತದ್ದೂ ಅದೇ ನಂಬಿಕೆಯಲ್ಲಿ, ನಾನು ಡಿಗ್ರಿ ಓದಿದ್ದೂ ಅದೇ ನಂಬಿಕೆಯಲ್ಲಿ.

ನಾನು ಹೈಸ್ಕೂಲಿನಲ್ಲಿದ್ದಾಗ ಓಣಿಯ ಹಿಂದಿನ ಅಕ್ಕಿ ಗಿರಣಿಗೆ ಹೊಸ ಬಾಯ್ಲರ್ ಬಂತು. ದೊಡ್ಡ ಬೆಂಕಿ, ಹಗಲೂ ರಾತ್ರಿ ಹೊಟ್ಟಿನ ಉರಿ. ಅದರ ಬೂದಿ ಗಾಳಿ ಬೀಸಿದ ಕಡೆ ಹಾರಿ, ಒಣಹಾಕಿದ ಬಟ್ಟೆ, ಹಪ್ಪಳ, ಮಲಗುವ ಹಾಸಿಗೆ ಎಲ್ಲದರ ಮೇಲೂ ಕೂರುತ್ತಿತ್ತು. ಓಣಿಯೆಲ್ಲ ಶಾಪ ಹಾಕುತ್ತಿದ್ದಾಗ ಖುಷಿಪಟ್ಟವಳು ಎರಿಯವ್ವ ಒಬ್ಬಳೇ. ಗಿರಣಿಯ ಹಿಂದಿನ ಗುಡ್ಡೆಯಿಂದ ಒಂದು ಬುಟ್ಟಿ ತುಂಬಿಕೊಂಡು ಬಂದು, ಗಾಳಿಸಿ, ಅವ್ವನ ಮುಂದೆ ಅಂಗೈ ಚಾಚಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಾಲಿನಂತೆ ಬಿಳಿ.

"ನೋಡ್ ತಂಗಿ, ಹಿಟ್ಟಿಗಿಂತ ಸಣ್ಣ ಅದ. ನಾ ಎಷ್ಟು ಗಾಳಿಸಿದ್ರೂ ಇಂಥದ್ದು ಬಂದಿದ್ದಿಲ್ಲ. ದೇವ್ರೇ ಗಾಳಿಸಿ ಕೊಟ್ಟಂಗ ಅದ."

ಅವ್ವ ಬೆರಳಿಗೆ ಹಚ್ಚಿಕೊಂಡು ನೋಡಿ ಹೌದು ಹೌದು ಎಂದಳು. ನಾನೂ ಮುಟ್ಟಿದೆ. ಬೆರಳ ನಡುವೆ ಏನೂ ಇಲ್ಲವೇನೋ ಅನ್ನುವಷ್ಟು ನುಣುಪು. ಒರೆಸಿಕೊಂಡ ಮೇಲೂ ಬೆರಳ ಗೆರೆಗಳಲ್ಲಿ ಬಿಳಿ ಉಳಿದಿತ್ತು.

ಎರಿಯವ್ವನ ಕೈ ಒಡೆಯಲು ಶುರುವಾದದ್ದು ಯಾವಾಗ ಅಂತ ಯಾರೂ ಹೇಳಲಾರರು. ಮೊದಲ ವರ್ಷ ಚಳಿಗಾಲ ಅಂದರು. ಬೇಸಿಗೆಯಲ್ಲೂ ಬಿರುಕು ಮುಚ್ಚದಿದ್ದಾಗ ವಯಸ್ಸು ಅಂದರು. ರಾಯಚೂರಿನ ಬಿಸಿಲಿಗೆ ಒಡೆಯದ ಚರ್ಮ ಯಾವುದಿದೆ ಅಂದರು. ಬೆರಳ ಸಂದುಗಳು ಕೆಂಪಾಗಿ, ಅಂಗೈ ಒಣಗಿದ ಕೆರೆಯ ತಳದಂತೆ ಸೀಳಿತು. ಅವಳು ಔಡಲೆಣ್ಣೆ ಸವರಿದಳು, ಬೆಣ್ಣೆ ಸವರಿದಳು, ದವಾಖಾನೆಯ ಟ್ಯೂಬು ಹಚ್ಚಿದಳು. ಮತ್ತೆ ಮರುದಿನ ಬೆಳಿಗ್ಗೆ ಕೂಸು ಮುಟ್ಟುವ ಮೊದಲು ಅದೇ ಬಿಳಿ ಬೂದಿ ತೆಗೆದುಕೊಂಡು, ಮೊದಲಿಗಿಂತ ಹೆಚ್ಚು ಹೊತ್ತು ತಿಕ್ಕಿದಳು. ಕಾಲೇಜಿನ ರಜೆಗೆ ಊರಿಗೆ ಬಂದಿದ್ದ ನಾನು ನೋಡಲಾರದೆ, "ಉರಿಯಂಗಿಲ್ಲೇನು?" ಎಂದು ಕೇಳಿದೆ.

"ಉರೀತದ. ಉರದ್ರ ಉರೀಲಿ. ಬಿರುಕಿನ್ಯಾಗ ಹೊಲಸು ಕುಂದರ್ತದ ಯವ್ವಾ, ಅದು ಕೂಸಿಗಿ ತಾಕಬಾರ್ದು" ಎಂದಳು. ಆಮೇಲೆ ಒಂದೊಂದೇ ಬಿರುಕನ್ನು ಬಿಡಿಸಿ, ಅದರೊಳಗೆ ಬೂದಿ ತುಂಬಿ, ಹಲ್ಲು ಕಚ್ಚಿ ತಿಕ್ಕಿದಳು. ಇದನ್ನು ನೆನೆದರೆ ಈಗಲೂ ನನ್ನ ಅಂಗೈ ಚುರುಗುಡುತ್ತದೆ. ಕೊಳೆ ಹೋಗಲಿ ಅಂತ ಅವಳು ಮಾಡುತ್ತಿದ್ದುದೇ... ಇರಲಿ, ಅದನ್ನು ಆಮೇಲೆ ಹೇಳುತ್ತೇನೆ.

ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದದ್ದು ನಾನು ರಾಯಚೂರಿನಲ್ಲಿ ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ. ಹೆಣ್ಣುಕೂಸು. ನೋಡಲು ನಾನೂ ಊರಿಗೆ ಬಂದಿದ್ದೆ. ಎರಿಯವ್ವನ ಸಂಭ್ರಮ ಹೇಳತೀರದು. ತಾನು ಎರೆದ ಕೂಸಿನ ಕೂಸಿಗೆ ಎರೆಯುವುದು ಅಂದರೆ ಅವಳಿಗೆ ಅದೊಂದು ಪದವಿ ಇದ್ದಂತೆ. ದಿನಾ ಬಂದು, ದಿನಾ ತಿಕ್ಕಿಕೊಂಡು, ದಿನಾ ಎರೆದಳು. ಕೆಲವು ದಿನಕ್ಕೆ ಕೂಸಿನ ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದಿ ಕೆಂಪಗೆ ಬೊಕ್ಕೆ ಎದ್ದವು. ಕೂಸು ಒಂದೇ ಸಮ ಅಳತೊಡಗಿತು. ಎರಿಯವ್ವ ಇನ್ನಷ್ಟು ಬೂದಿ ಸವರಿದಳು. ಬೊಕ್ಕೆ ಇನ್ನಷ್ಟು ಹಬ್ಬಿತು.

ಕೂಸು ನೋಡಲು ಬಂದಿದ್ದ ಅಕ್ಕನ ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು ಎರಿಯವ್ವನ ಕೈಯನ್ನೇ ನೋಡಿದರು. ಆಮೇಲೆ ಅಡಿಗೆಮನೆಗೆ ಬಂದು ಅವ್ವನಿಗೆ ಮೆಲ್ಲಗೆ, "ಆ ಕೈಲೇನ್ರಿ ನಮ್ಮ ಕೂಸಿಗಿ ಎರಸಾಕತ್ತೀರಿ?" ಎಂದರು. ಮೆಲ್ಲಗೆ ಅಂದರೂ ನಮ್ಮ ಮನೆಯ ಅಡಿಗೆಮನೆಗೂ ಬಚ್ಚಲಿಗೂ ನಡುವೆ ಇರುವುದು ಒಂದೇ ಗೋಡೆ.

ಮರುದಿನ ಎರಿಯವ್ವ ಬಂದಾಗ ಅವ್ವ ಹೊಸ್ತಿಲಲ್ಲೇ ನಿಂತು, ಒಂದೆರಡು ದಿನ ತಾವೇ ಎರೆದುಕೊಳ್ಳುತ್ತೇವೆ, ನೀನು ಕೈ ವಾಸಿ ಮಾಡಿಕೋ ಎಂದು ಆದಷ್ಟು ಮೆತ್ತಗೆ ಹೇಳಿದಳು. ನಾನು ಒಳಗಿನಿಂದ ನೋಡುತ್ತಿದ್ದೆ. ಎರಿಯವ್ವ ಜಗಳ ಮಾಡಲಿಲ್ಲ, ಅಳಲೂ ಇಲ್ಲ. ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

"ಕೈಗುಣ ಹೋತು ತಂಗಿ. ನನಗೂ ಗೊತ್ತಾಗ್ಯಾದ" ಎಂದಳು. ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹೊರಟುಹೋದಳು. ಬೂದಿಯ ಡಬ್ಬಿ ನಮ್ಮ ಬಚ್ಚಲಲ್ಲೇ ಉಳಿಯಿತು.

ದವಾಖಾನೆಯ ಮುಲಾಮು ಹಚ್ಚಿ, ಬರೀ ನೀರಲ್ಲಿ ಎರೆದ ಮೇಲೆ ಕೂಸಿನ ಬೊಕ್ಕೆ ಬೇಗನೆ ಆರಿದವು. ಇದೇ ದೊಡ್ಡ ಸಾಕ್ಷಿಯಾಯಿತು. ಅವಳ ಕೈ ಬಿಟ್ಟಿತು, ಕೂಸಿನ ಕಾಟ ಬಿಟ್ಟಿತು. ಸುದ್ದಿ ಓಣಿಯ ಆ ತುದಿಗೆ ಹೋಗಲು ಎಷ್ಟು ಹೊತ್ತು ಬೇಕು? ಮುಂದೆ ಹುಟ್ಟಿದ ಯಾವ ಕೂಸಿಗೂ ಅವಳನ್ನು ಕರೆಯಲಿಲ್ಲ. ಡಬ್ಬಿಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಉಳಿದ ಬೂದಿಯಲ್ಲಿ ಅವ್ವ ದೀಪದ ಕಂಬ, ತಂಬಿಗೆ ತಿಕ್ಕಿದಳು. ಹಿತ್ತಾಳೆ ಬಂಗಾರದಂತೆ ಹೊಳೆದದ್ದು ನೋಡಿ ಎಷ್ಟು ಸಣ್ಣ ಬೂದಿ ಎಂದು ಹೊಗಳಿದಳು ಕೂಡ. ನಾವು ಎಂಥ ಮಂದಿ ಅಂತ ಕೆಲವು ಸಲ ನಗು ಬರುತ್ತದೆ, ಕೆಲವು ಸಲ ಮೈಯೆಲ್ಲ ಉರಿಯುತ್ತದೆ.

ಒಂದೆರಡು ವರ್ಷ ಅವಳು ಆ ಕೋಣೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳಂತೆ. ಕೂಸು ಎತ್ತಿಕೊಂಡವರು ಎದುರು ಬಂದರೆ ತಾನೇ ಎದ್ದು ಒಳಗೆ ಹೋಗುತ್ತಿದ್ದಳಂತೆ. ಆಮೇಲೆ ಮಗಳು ಬಂದು ದೇವದುರ್ಗಕ್ಕೆ ಕರೆದುಕೊಂಡು ಹೋದಳು ಎಂದು ಅವ್ವ ಫೋನಿನಲ್ಲಿ ಹೇಳಿದಳು. ನಾನು ಹೌದಾ ಎಂದು ಬೇರೆ ಮಾತಿಗೆ ಹೋದೆ. ಆ ವಯಸ್ಸು ಹಾಗೆ.

ಈಗ ನನ್ನ ಕೆಲಸದ ಬಗ್ಗೆ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಮನುಷ್ಯರ ಚರ್ಮದ ಜೀವಕೋಶಗಳನ್ನು ಬೆಳೆಸುತ್ತೇನೆ. ಕೇಳಿದವರು ಮೂಗು ಮುರಿಯುತ್ತಾರೆ, ಮುರಿಯಲಿ. ಗುಲಾಬಿ ಬಣ್ಣದ ಪೋಷಕ ನೀರಿನಲ್ಲಿ, ಮೈಶಾಖದಷ್ಟೇ ಬೆಚ್ಚಗಿನ ಪೆಟ್ಟಿಗೆಯೊಳಗೆ ಅವು ಬೆಳೆಯುತ್ತವೆ. ಹೊತ್ತು ಹೊತ್ತಿಗೆ ನೀರು ಬದಲಿಸಬೇಕು, ಕೈ ಸ್ವಚ್ಛ ಇರಬೇಕು, ಉಸಿರೂ ತಾಕಬಾರದು. ಬಾಣಂತಿಯ ಕೋಣೆಯಷ್ಟೇ ಕಟ್ಟುನಿಟ್ಟು. ಆಮೇಲೆ ಆ ಜೀವಕೋಶಗಳ ಮೇಲೆ ಖನಿಜದ ಅತಿ ಸಣ್ಣ ಪುಡಿಗಳನ್ನು ಹಾಕಿ ಏನಾಗುತ್ತದೆ ಎಂದು ನೋಡುತ್ತೇವೆ. ಮುಖಕ್ಕೆ ಹಚ್ಚುವ ಕ್ರೀಮು, ಪೌಡರು, ಬಣ್ಣ, ಎಲ್ಲದರಲ್ಲೂ ಈಗ ಇಂಥ ಪುಡಿ ಇರುತ್ತದೆ. ನ್ಯಾನೋ ಕಣ ಎಂದು ಹೆಸರು. ಒಂದು ತಲೆಗೂದಲಿನ ದಪ್ಪದೊಳಗೆ ಸಾವಿರ ಕಣ ಸಾಲಾಗಿ ಕೂತರೂ ಜಾಗ ಉಳಿಯುತ್ತದೆ, ಅಷ್ಟು ಸಣ್ಣವು.

ಭತ್ತದ ಹೊಟ್ಟಿನಲ್ಲಿ ಸಿಲಿಕಾ ತುಂಬಿದೆ. ಮರಳಲ್ಲಿ ಇರುವುದೂ ಅದೇ ಖನಿಜ. ಹೊಟ್ಟಿನ ಬೂದಿಯಿಂದ ಅಗ್ಗವಾಗಿ ನ್ಯಾನೋ ಸಿಲಿಕಾ ತೆಗೆಯಬಹುದು, ಅದು ಚರ್ಮಕ್ಕೆ ಎಷ್ಟು ಸುರಕ್ಷಿತ ಎಂದು ನೋಡಿ ಎಂಬ ಕೆಲಸ ಹೋದ ವರ್ಷ ನಮಗೆ ಬಂತು. ಒಂದೇ ಹೊಟ್ಟು, ಎರಡು ಬೂದಿ. ಸಣ್ಣ ಉರಿಯಲ್ಲಿ ಕನಲಿದ ಕರಿಬೂದಿ ಒಂದು ಕಡೆ, ದೊಡ್ಡ ಉರಿಯಲ್ಲಿ ಸುಟ್ಟ ಬಿಳಿಬೂದಿ ಇನ್ನೊಂದು ಕಡೆ. ಎರಡನ್ನೂ ಒರಟು, ಸಣ್ಣ, ಅತಿ ಸಣ್ಣ ಎಂದು ಬೇರೆ ಮಾಡಿ, ತಟ್ಟೆಯ ಪುಟ್ಟ ಪುಟ್ಟ ಗುಳಿಗಳಲ್ಲಿ ಬೆಳೆಯುತ್ತಿದ್ದ ಜೀವಕೋಶಗಳಿಗೆ ಹಾಕಿದೆವು. ಕೊನೆಯಲ್ಲಿ ಒಂದು ಹಳದಿ ಬಣ್ಣ ಬಿಡುತ್ತೇವೆ. ಬದುಕಿರುವ ಜೀವಕೋಶ ಅದನ್ನು ನೇರಳೆ ಮಾಡುತ್ತದೆ. ಸತ್ತದ್ದರ ಗುಳಿ ಹಳದಿಯಾಗಿಯೇ ಉಳಿಯುತ್ತದೆ.

ಒರಟು ಬೂದಿಯ ಗುಳಿಗಳು ನೇರಳೆಯಾದವು. ಸಣ್ಣದಾದಂತೆ ನೇರಳೆ ತಿಳಿಯಾಗುತ್ತ ಬಂತು. ಬಿಳಿಬೂದಿಯ ಅತಿ ಸಣ್ಣ ಕಣ ಹಾಕಿದ ಸಾಲು ಪೂರ್ತಿ ಹಳದಿ.

ತಟ್ಟೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ. ಹಿಟ್ಟಿಗಿಂತ ಸಣ್ಣ ಅದ... ಆ ಮಾತು ಕಿವಿಯಲ್ಲೇ ಆಡಿದಂತೆ ಕೇಳಿಸಿತು. ಕಣ ಸಣ್ಣದಾದಷ್ಟೂ ಶುದ್ಧ ಎಂದು ನಾವು ತಿಳಿದದ್ದು. ಕಣ ಸಣ್ಣದಾದಷ್ಟೂ ಜೀವಕೋಶದ ಮೈಗೆ ಹೆಚ್ಚು ತಾಕುತ್ತದೆ, ಒಳಗೂ ಹೋಗುತ್ತದೆ, ಒಳಗೆ ಹೋಗಿ ಕಿಚ್ಚು ಹಚ್ಚುತ್ತದೆ.

ನಮ್ಮ ಪ್ರಯೋಗಾಲಯದ ಸರ್ ತೂಗಿ ಮಾತಾಡುವವರು. ಅವರಿಗೆ ಎರಿಯವ್ವನ ಕಥೆ ಹೇಳಿದೆ. "ತಟ್ಟೆಯಲ್ಲಿ ಇರೋದು ಬರೀ ಜೀವಕೋಶ. ನಮ್ಮ ಮೈಮೇಲೆ ಸತ್ತ ಚರ್ಮದ ಹೊದಿಕೆ ಇರತ್ತೆ, ಅದು ಬಹಳಷ್ಟನ್ನ ತಡೆಯತ್ತೆ. ಆ ಅಜ್ಜಿಯದು ದಿನವಿಡೀ ಬಿಸಿನೀರು, ಬೂದಿಯ ಕ್ಷಾರ, ಉಜ್ಜೋದು, ಎಲ್ಲಾ ಸೇರಿದೆ. ಕಣಗಳಿಂದಲೇ ಆಯ್ತು ಅಂತ ಬರೆಯೋಕಾಗಲ್ಲ" ಎಂದರು. ಚರ್ಮ ಬಿರಿದಿದ್ದರೆ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಹೊದಿಕೆ ಇಲ್ಲ" ಎಂದರು. ಕಂಕುಳು, ತೊಡೆಸಂದಿಯಲ್ಲಿ ಬೆವರಿ ನೆನೆದ ಹಸುಗೂಸಿನ ಚರ್ಮದ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಮೇಲೆ ಒಂದು ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ. ಅವಳಿಗೆ ಒಂದೇ ಒಂದು ಮಾತು ಹೇಳಬೇಕಿತ್ತು. ನಿನ್ನ ಕೈಗುಣ ಎಲ್ಲೂ ಹೋಗಿಲ್ಲ, ತಪ್ಪು ಬೂದಿಯದ್ದು ಅಂತ. ಗಬ್ಬೂರಿನಲ್ಲಿ ಬಸ್ಸು ನಿಂತಾಗ ಬಾಳೆಹಣ್ಣು ಕೊಂಡೆ. ಅಲ್ಲಿಂದ ಮುಂದಕ್ಕೆ ದಾರಿಯುದ್ದ ಅವಳಿಗೆ ತಿಳಿಯುವ ಮಾತಿನಲ್ಲಿ ಹೇಗೆ ಹೇಳಲಿ ಎಂದು ಮನಸ್ಸಿನಲ್ಲೇ ಹೇಳಿ ಹೇಳಿ ನೋಡಿಕೊಂಡೆ. ಒಳ್ಳೆಯ ಸುದ್ದಿ ಒಯ್ಯುವವಳ ಹುಮ್ಮಸ್ಸು ನನಗೆ.

ಮಗಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮಗಳು ಅಂಗನವಾಡಿಯಲ್ಲಿ ಕೆಲಸಕ್ಕಿದ್ದಾಳೆ, ಎಲ್ಲರಿಗೂ ಗೊತ್ತು. ಎರಿಯವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತುಂಬ ಸಣ್ಣಗಾಗಿದ್ದಳು. ಕೈಗಳು ಸೆರಗಿನೊಳಗೇ ಇದ್ದವು. ನಾನು ಯಾರೆಂದು ಹೇಳಿದ ಕೂಡಲೇ ಮುಖ ಅರಳಿ, "ನನ್ನ ಕಾಲ ಮ್ಯಾಲ ಬಾಳ ಅಳತಿದ್ದಿ ನೀ. ಮೂಗಿನ ತುದೀಗೇ ಸಿಟ್ಟು ಹೊತಗೊಂಡು ಹುಟ್ಟೀದಿ" ಎಂದಳು. ಆ ಸಿಟ್ಟು ಇನ್ನೂ ಅಲ್ಲೇ ಇದೆ ಎಂದೆ. ನಕ್ಕಳು.

ಆಮೇಲೆ ಹೇಳಿದೆ. ಗಿರಣಿಯ ಬಿಳಿಬೂದಿಯ ಕಣ ಬಟ್ಟೆಯಲ್ಲಿ ಗಾಳಿಸಿದ್ದಕ್ಕಿಂತಲೂ ಸಣ್ಣ, ಕಣ್ಣಿಗೆ ಕಾಣದಷ್ಟು ಸಣ್ಣ ಎಂದೆ. ಬಿರುಕಿನಲ್ಲಿ ಹೊಕ್ಕು ಒಳಗಿನ ಹಸಿ ಚರ್ಮವನ್ನು ತಿಂದಿರಬಹುದು ಎಂದೆ. ಖಂಡಿತ ಎಂದು ಹೇಳಲಾರೆ, ಆದರೆ ನೀನು ಹೊಲಸಾಗಿರಲಿಲ್ಲ, ನಿನ್ನ ಕೈಗುಣ ಹೋಗಿರಲಿಲ್ಲ ಎಂದೆ. ಅವಳು ಪೂರ್ತಿ ಕೇಳಿದಳು. ಕಣ್ಣಲ್ಲಿ ನೀರು ಬರಬಹುದು, ಇಷ್ಟು ವರ್ಷದ ಭಾರ ಇಳಿಯಿತು ಅನ್ನಬಹುದು ಎಂದು ನಾನು ಕಾದೆ.

"ಹಂಗಾರ ಕೂಸುಗೋಳು?" ಎಂದಳು.

ನನಗೆ ತಕ್ಷಣ ಹೊಳೆಯಲಿಲ್ಲ.

"ನನ್ನ ಕೈ ಬಿಡು ಯವ್ವಾ, ಸುಡಗಾಡಕ್ಕ ಹೋಗೋ ಕೈ. ಆ ಬೂದಿ ನಾ ಕೂಸಿನ ಮಡಿಕಿಗೆಲ್ಲ ಹಚ್ಚೀನಲ್ಲ. ಕಂಡಕ್ಟರನ ಮನಿ ಅವಳಿ ಜವಳಿಗಿ ಹಚ್ಚೀನಿ. ಟೇಲರನ ಮಗಳಿಗಿ ಹಚ್ಚೀನಿ. ನಿಮ್ಮಕ್ಕನ ಕೂಸಿಗಿ..." ಮಾತು ಅಲ್ಲೇ ನಿಂತಿತು. ಸೆರಗಿನಿಂದ ಕೈ ಹೊರಗೆ ಬಂತು. ನನ್ನ ಬಲಗೈ ಹಿಡಿದು ಮೊಣಕೈಯ ಒಳಮಡಿಕೆಯನ್ನು ಬೆರಳಿಂದ ಸವರಿದಳು. ಬಿರುಕುಗಳು ಎಂದೋ ಮುಚ್ಚಿ, ಬೆರಳ ತುದಿಗಳು ಚಪ್ಪಲಿಯ ತೊಗಲಿನಂತೆ ಗಡುಸಾಗಿದ್ದವು. ಸವರಿದಳು, ಮತ್ತೆ ಸವರಿದಳು. "ಬೆರಳಿಗಿ ತಿಳಿವಲ್ದು" ಎಂದಳು. ಆಮೇಲೆ ತನ್ನ ಕೈ ಹೊರಳಿಸಿ, ಹಿಂದೆ ನೀರಿನ ಕಾವು ನೋಡುತ್ತಿದ್ದ ಮಣಿಕಟ್ಟಿನ ಒಳಬದಿಯನ್ನು ನನ್ನ ಚರ್ಮಕ್ಕೆ ಒತ್ತಿ ಕಣ್ಣು ಮುಚ್ಚಿದಳು.

ನಾನು ಹುಟ್ಟಿದಾಗ ಇದ್ದದ್ದು ನಿನ್ನ ಒಲೆಯ ಹಳೇ ಬೂದಿ, ನನಗೇನೂ ಆಗಿಲ್ಲ ಎಂದೆ. ಆಮೇಲಿನ ಕೂಸುಗಳೂ ಚೆನ್ನಾಗಿವೆ, ಮೇಲಿನ ಬೊಕ್ಕೆ ಆರಿಹೋಗುತ್ತವೆ, ಅಕ್ಕನ ಮಗಳು ಈಗ ಹತ್ತನೇ ತರಗತಿ, ಬಣ್ಣ ಬಣ್ಣದ ಉಗುರು ಮಾಡಿಕೊಂಡು ಕುಣಿಯುತ್ತಾಳೆ ಎಂದೆ. ಫೋನು ತೆಗೆದು ಫೋಟೋ ತೋರಿಸಿದೆ. ಅವಳು ಪರದೆಯನ್ನು ಸರಿಯಾಗಿ ನೋಡಲೂ ಇಲ್ಲ.

"ಫೋಟೋದಾಗ ತೊಗಲು ತಿಳೀತದೇನು? ಮುಟ್ಟಿದ್ರ ತಿಳೀತದ. ಒಂದ್ಸಲ ಆ ಕೂಸಿನ್ನ ಕರಕೊಂಡು ಬಾ. ನಾ ಮುಟ್ಟಿ ನೋಡ್ತೀನಿ. ಅದೊಂದು ನೋಡಿದ್ರ ಸಾಕು ನನಗ."

ಬರುತ್ತೇನೆ ಎಂದೆ. ಬಸ್‌ಸ್ಟ್ಯಾಂಡಿನವರೆಗೆ ಮಗಳು ಕಳಿಸಲು ಬಂದಳು. ಬಸ್ಸು ಬಂದಾಗ, "ನೀವು ಹೇಳಿದ್ದು ಖರೇನ ಇರಬೇಕ್ರಿ ಅಕ್ಕಾ. ಆದ್ರ ಕೈಗುಣ ಹೋತಂತ ಅತ್ತು ಅತ್ತು ಈಗೀಗ ಸುಮ್ನಾಗಿದ್ಳು ನಮ್ಮವ್ವ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ತಿರುಗಿ ಹೇಳುತ್ತಿದ್ದೆ. ಎರಿಯವ್ವನ ಎದೆಯ ಮೇಲೆ ಒಂದು ದುಃಖವಿತ್ತು, ಅದು ಅವಳ ಕೈಯದ್ದು. ಅದನ್ನು ಇಳಿಸುತ್ತೇನೆ ಎಂದು ಹೋದ ನಾನು ಇಡೀ ಓಣಿಯ ಕೂಸುಗಳನ್ನು ತಂದು ಹೇರಿ ಬಂದಿದ್ದೆ.

ಅಕ್ಕ ದೇವಸುಗೂರಿನಲ್ಲಿ ಇದ್ದಾಳೆ. ಹೇಳಿದಾಗ, "ಪಾಪ, ಹೋಗೂಣಂತ" ಎಂದಳು. ಆಮೇಲೆ ಹುಡುಗಿಯ ಕಿರುಪರೀಕ್ಷೆ ಬಂತು, ಟ್ಯೂಷನ್ನು ತಪ್ಪಿಸುವಂತಿಲ್ಲ ಎಂದಾಯಿತು. ದಸರೆಗೆ ಹೋಗೋಣ ಎಂದೆವು. ದಸರೆಗೆ ಅಕ್ಕನ ಮನೆಗೆ ಬೀಗರು ಬಂದರು. ದೀಪಾವಳಿ ಆಯಿತು. ಪರೀಕ್ಷೆ ಮುಗಿಯಲಿ, ಬೇಸಿಗೆ ರಜೆಯಲ್ಲಿ ನಿಧಾನವಾಗಿ ಹೋಗಿ ಬರೋಣ ಎಂದುಕೊಂಡೆವು. ಎಲ್ಲವೂ ನಿಜವಾದ ಕಾರಣಗಳೇ, ಒಂದೂ ನೆಪ ಅಲ್ಲ. ಎರಿಯವ್ವನ ಮಗಳು ನಡುವೆ ಒಂದು ಸಲ ಫೋನು ಮಾಡಿ, "ಅವ್ವ ಕೇಳಾಕತ್ತಾಳ್ರಿ" ಎಂದಿದ್ದಳು. ಬರುತ್ತೇವೆ ಎಂದಿದ್ದೆ.

ಪರೀಕ್ಷೆ ಮುಗಿಯುವ ಮೊದಲೇ ಇನ್ನೊಂದು ಫೋನು ಬಂತು... ಅದರಲ್ಲಿ ಮಗಳು ಏನು ಹೇಳಿದಳೆಂದು ಬರೆಯಬೇಕಿಲ್ಲ.

ರಜೆ ಶುರುವಾದ ಮೇಲೆ ಅಕ್ಕನ ಮಗಳನ್ನು ಕರೆದುಕೊಂಡು ದೇವದುರ್ಗಕ್ಕೆ ಹೋದೆ. ಈಗ ಹೋಗಿ ಏನು ಮಾಡುವುದು ಎಂದು ಅಕ್ಕ ಕೇಳಿದಳು. ದಾರಿಯಲ್ಲಿ ಹುಡುಗಿಗೆ ಎಲ್ಲ ಹೇಳಿದೆ. ತನಗೆ ಎರೆದ ಒಬ್ಬಳು ಇದ್ದಳು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಪಡಸಾಲೆಯ ಗೋಡೆಯ ಬಳಿ ಯಾರೂ ಇರಲಿಲ್ಲ, ಎರಿಯವ್ವ ಒರಗುತ್ತಿದ್ದ ಜಾಗದಲ್ಲಿ ಸುಣ್ಣ ಸವೆದು ಕರೆಯಾಗಿತ್ತು. ಅವಳ ಮಗಳು ನೀರು ಕೊಟ್ಟಳು, ಚಹಾ ಕೊಟ್ಟಳು. ಕುಶಲ ಕೇಳಿದಳು. ಮಾತೆಲ್ಲ ಮುಗಿದ ಮೇಲೆ ಹುಡುಗಿಯ ಹತ್ತಿರ ಬಂದು ಕೂತು, "ಕೈ ಕೊಡ್ತೀಯೇನ್ ಬೇ?" ಎಂದಳು.

ಹುಡುಗಿ ನನ್ನ ಮುಖ ನೋಡಿ ಕೈ ಚಾಚಿದಳು. ಮಗಳು ಆ ಕೈಯ ಒಳಮಡಿಕೆಗೆ ತನ್ನ ಮಣಿಕಟ್ಟು ಒತ್ತಿದಳು. ಆಮೇಲೆ ಕುತ್ತಿಗೆಯ ಪಕ್ಕ. ಅವಳ ಅವ್ವ ಮಾಡುತ್ತಿದ್ದಂತೆಯೇ ಕಣ್ಣು ಮುಚ್ಚಿಕೊಂಡಿದ್ದಳು. "ಬಂದ್ರ ಹಿಂಗ ನೋಡು, ಬೆರಳಿಲೆ ನೋಡಬ್ಯಾಡ ಅಂತ ಹೇಳಿ ಹೋಗ್ಯಾಳ" ಎಂದಳು. ಕಣ್ಣು ತೆರೆದ ಮೇಲೆ ನಮ್ಮ ಕಡೆ ನೋಡಲಿಲ್ಲ. ಗೋಡೆಯ ಆ ಕರೆಯ ಕಡೆ ತಿರುಗಿ, ಒಳಗೆ ಕೆಲಸ ಮಾಡುತ್ತಿರುವ ಕಿವುಡಿಗೆ ಕೂಗಿ ಹೇಳುವಂತೆ ಸ್ವಲ್ಪ ಜೋರಾಗಿ ಹೇಳಿದಳು.

"ಛಲೋ ಅದ ಬೇ ಯವ್ವಾ. ಬೆಣ್ಣಿ ಇದ್ದಂಗ ಅದ."

ಹುಡುಗಿ ಅತ್ತುಬಿಟ್ಟಳು. ನಾನು ಚಹಾದ ಲೋಟ ಹಿಡಿದು ಎದ್ದು ಬಚ್ಚಲ ಕಡೆ ಹೋದೆ.

ನಿನ್ನೆ ಮಾನ್ವಿಯ ಹೊಸ ಬೂದಿಯನ್ನು ತಟ್ಟೆಗೆ ಹಾಕಿದ್ದೆ. ಇವತ್ತು ಬೆಳಿಗ್ಗೆ ಬಂದು ಹಳದಿ ಬಣ್ಣ ಬಿಟ್ಟು ಕಾದೆ. ಹೋದ ಸಲದ್ದೇ ಫಲಿತಾಂಶ. ಸರ್ ಇನ್ನೊಮ್ಮೆ ಮಾಡಿ ನೋಡಿ, ಆಮೇಲೆ ವರದಿ ಬರೆಯಿರಿ ಎಂದರು. ವರದಿಯಲ್ಲಿ ಕಣದ ಅಳತೆ ಬರುತ್ತದೆ, ಎಷ್ಟು ಪಾಲು ಜೀವಕೋಶ ಬದುಕಿದವು ಎಂದು ಬರುತ್ತದೆ, ಮನುಷ್ಯರ ಮೇಲೆ ಇನ್ನೂ ಅಧ್ಯಯನ ಆಗಬೇಕು ಎಂದು ಬರುತ್ತದೆ. ಅದು ಸರಿಯಾದದ್ದೇ. ಕೈಗವಸು ಕಳಚಿ, ಸಿಂಕಿನ ಮುಂದೆ ನಿಂತು ಸಾಬೂನಿನಲ್ಲಿ ಬೆರಳ ಸಂದು, ಉಗುರ ಬುಡ, ಮುಂಗೈ ಎಂದು ತೊಳೆಯುತ್ತಿದ್ದವಳಿಗೆ ಮೊಣಕೈವರೆಗೂ ತೊಳೆಯುತ್ತಿದ್ದೇನೆ ಎಂದು ಆಮೇಲೆ ಅರಿವಾಯಿತು.

ಅವಳು ನನ್ನನ್ನು ಕೇಳಿದ್ದು ಒಂದೇ ಒಂದು. ಅದಕ್ಕೆ ಯಾವ ತಟ್ಟೆಯೂ ಬಣ್ಣವೂ ಬೇಕಿರಲಿಲ್ಲ. ಉತ್ತರ ನಮ್ಮ ಮನೆಯಲ್ಲೇ ಇತ್ತು, ಉಗುರಿಗೆ ಬಣ್ಣ ಹಚ್ಚಿಕೊಂಡು, ದೇವದುರ್ಗಕ್ಕೆ 'ನಾಳೆ ಹೋದರಾಯಿತು' ಅನ್ನುವಷ್ಟು ದೂರದಲ್ಲಿ.